ಹಡಗಿನ ಕಾಗದದಲ್ಲಿ ಉಳಿದ ಮುತ್ತಜ್ಜಿ

ನಮ್ಮ ನಾಡಿನ ಹಳೆಯ ಮನೆತನಗಳಿಗೆ ಹೆಳವರ ಪರಿಚಯವುಂಟು. ವರ್ಷಗಳಿಗೊಮ್ಮೆ ಎತ್ತಿನೊಡನೆ ಅಂಗಳಕ್ಕೆ ಬಂದು, ಹೊತ್ತಿಗೆ ಬಿಚ್ಚಿ, ಮೂಲಪುರುಷನಿಂದ ಮೊದಲ್ಗೊಂಡು ವಂಶಾವಳಿಯನ್ನು ಓದಿ, ಕಾಳುಕಡಿ ಪಡೆದು ಹೋಗುವವರು ಅವರು. ಆದರೆ ಹೊಟ್ಟೆಪಾಡಿಗಾಗಿ ಕಡಲಾಚೆಗೆ ಹೋದ ಬಡವರಿಗೆ ಹೆಳವರಿಲ್ಲ. ಅವರ ಬಾಳನ್ನು ಬರೆದಿಟ್ಟವರು ಅವರನ್ನು ದುಡಿಸಿಕೊಂಡವರೇ. ಈ ವಿಪರ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಯನ್ನು ಓದಬೇಕೆಂದು ನಮ್ಮ ಬಿನ್ನಹ.

ದಕ್ಷಿಣ ಅಮೆರಿಕದ ಗಯಾನಾದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಹೋಗಿ ಪತ್ರಕರ್ತೆಯಾದ ಗಾಯುತ್ರಾ ಬಹಾದೂರ್ ಎಂಬವರು ತಮ್ಮ ಮುತ್ತಜ್ಜಿ ಸುಜಾರಿಯಾಳನ್ನು ಹಳೆಯ ದಾಖಲೆಗಳಲ್ಲಿ ಅರಸಿ, 2013ರಲ್ಲಿ ‘ಕೂಲಿ ವುಮನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ನಮ್ಮಲ್ಲಿ ‘ಕೂಲಿ’ ಎಂದರೆ ದುಡಿಮೆಗೆ ಸಲ್ಲುವ ಸಂಬಳ. ಆ ದೇಶದಲ್ಲಿ ಅದು ಮನುಷ್ಯರ ಮೇಲೆ ಎಸೆಯುವ ಬೈಗುಳವಾಯಿತು.

1903ರಲ್ಲಿ ಕಲ್ಕತ್ತೆಯಿಂದ ಹೊರಟ ‘ಕ್ಲೈಡ್’ ಎಂಬ ಹಡಗನ್ನು ಸುಜಾರಿಯಾ ಏರಿದಳು. ವಯಸ್ಸು 27. ಬಿಹಾರದ ಹಳ್ಳಿಯವಳು. ವಲಸೆಯ ಪರವಾನಗಿ ಕಾಗದದಲ್ಲಿ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಗುರುತು ಇವನ್ನೆಲ್ಲ ಬರೆಯುವುದು ಅಂದಿನ ಕ್ರಮ; ಸಂತೆಯಲ್ಲಿ ದನದ ಸುಳಿ ನೋಡಿ ಬರೆದುಕೊಂಡ ಹಾಗೆ. ಅವಳ ಕಾಗದದಲ್ಲಿ ಜೊತೆಗೆ ಬಂದ ಗಂಡನಿಲ್ಲ; ನಾಲ್ಕು ತಿಂಗಳ ಗರ್ಭಿಣಿ ಎಂಬ ಟಿಪ್ಪಣಿ ಇದೆ. ಆ ಮಗು ನಡುಗಡಲಿನಲ್ಲಿ ಹಡಗಿನ ಮೇಲೆಯೇ ಹುಟ್ಟಿತು. ಅದೇ ಲೇಖಕಿಯ ಅಜ್ಜ.

ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದ್ದರಿಂದ 1838ರಿಂದ 1917ರವರೆಗೆ ಸುಮಾರು 2,39,000 ಭಾರತೀಯರನ್ನು ಬ್ರಿಟಿಷ್ ಗಯಾನಾಕ್ಕೆ ಒಯ್ದರು. ಕರಾರು ಐದು ವರ್ಷದ್ದು. ಕೆಲಸಕ್ಕೆ ಬಾರದಿದ್ದರೆ, ಒಪ್ಪಿಸಿದ ಕೆಲಸ ಮುಗಿಯದಿದ್ದರೆ ಅದು ಅಪರಾಧ. ದಂಡ ಇಲ್ಲವೆ ಸೆರೆಮನೆ. ಆದುದರಿಂದಲೇ ಇಂತಹ ಬಡವರ ಹೆಸರುಗಳು ನ್ಯಾಯಾಲಯದ ಕಡತಗಳಲ್ಲಿ ಧಾರಾಳವಾಗಿ ದೊರೆಯುತ್ತವೆ. ಸುಖವಾಗಿ ಬಾಳಿದ ಬಡವನು ಕಾಗದದಲ್ಲಿ ಸಿಗುವುದು ಅಪರೂಪ. ಕಷ್ಟಕ್ಕೆ ಸಿಕ್ಕವನು ಸಿಗುತ್ತಾನೆ.

ಹೆಣ್ಣಿನ ಪಾಡು ಇನ್ನೂ ಘೋರ. 100 ಗಂಡಸರಿಗೆ 40 ಹೆಂಗಸರಾದರೂ ಇರಬೇಕೆಂದು ಸರಕಾರದ ನಿಯಮವಿತ್ತು. ಆ ಸಂಖ್ಯೆಯನ್ನು ತುಂಬಲು ಆಳು ಹಿಡಿಯುವವರು ವಿಧವೆಯರನ್ನು, ಮನೆಬಿಟ್ಟವರನ್ನು, ತೀರ್ಥಕ್ಷೇತ್ರಗಳಲ್ಲಿ ದಿಕ್ಕುಗೆಟ್ಟು ನಿಂತವರನ್ನು ಹುಡುಕುತ್ತಿದ್ದರು. ಹೆಂಗಸರು ವಿರಳವಾದ ತೋಟಗಳಲ್ಲಿ ಸಂಶಯ, ಮತ್ಸರಗಳಿಂದ ಗಂಡಂದಿರ ಕೈಯ ಕಬ್ಬು ಕಡಿಯುವ ಕತ್ತಿಗೆ ಬಲಿಯಾದವರೂ ಅನೇಕರು. ಹಾಗೆಂದು ಎಲ್ಲರನ್ನೂ ಮೋಸಹೋದ ಅಬಲೆಯರೆಂದು ತಿಳಿಯಲಾಗದು. ಊರಿನ ಉಸಿರುಕಟ್ಟಿನಿಂದ ತಪ್ಪಿಸಿಕೊಳ್ಳಲು ತಾವಾಗಿಯೇ ಹಡಗನ್ನೇರಿದವರೂ ಇದ್ದರು.

ಸುಜಾರಿಯಾ ಇವರಲ್ಲಿ ಯಾರು? ವಿಧವೆಯೋ, ಗಂಡನನ್ನು ಬಿಟ್ಟವಳೋ, ಯಾರದೋ ಮಾತಿಗೆ ಮರುಳಾದವಳೋ? ಮೊಮ್ಮಗನ ಮಗಳು ಲಂಡನ್ನಿನ ದಾಖಲೆಗಳನ್ನು ಓದಿ, ಬಿಹಾರದ ಹಳ್ಳಿಯವರೆಗೂ ನಡೆದಳು. ಕಾಗದ ಬಾಯಿಬಿಡಲಿಲ್ಲ. ಬರೆದವನಿಗೆ ಅವಳ ಎತ್ತರ ಬೇಕಾಗಿತ್ತು, ಅವಳ ಕಾರಣ ಬೇಕಾಗಿರಲಿಲ್ಲ. ಲೇಖಕಿ ಆ ಪ್ರಶ್ನೆಗಳನ್ನು ಕಲ್ಪನೆಯಿಂದ ಮುಚ್ಚದೆ ಪ್ರಶ್ನೆಗಳಾಗಿಯೇ ಮುದ್ರಿಸಿದ್ದಾರೆ. ಇದನ್ನು ನಾವು ಬಹುವಾಗಿ ಮೆಚ್ಚುತ್ತೇವೆ. ಹಿರಿಯರ ಕಥೆಯನ್ನು ಬರೆಯುವಾಗ ಮಾನಕ್ಕಂಜಿ ಮುತ್ತಜ್ಜಿಗೊಬ್ಬ ಗಂಡನನ್ನು ಕಲ್ಪಿಸಿಬಿಡುವುದು ಸುಲಭವಾಗಿತ್ತು.

ನಮ್ಮ ಮನೆಗಳಲ್ಲಿಯೂ ಗಿರಣಿಗೆ, ಗಣಿಗೆ, ತೋಟಕ್ಕೆ ಹೋಗಿ ಮರಳದ ಒಬ್ಬರು ಇದ್ದೇ ಇರುತ್ತಾರೆ. ಅವರ ಮಾತು ಬಂದಾಗ ಹಿರಿಯರು ವಿಷಯ ಬದಲಿಸುತ್ತಾರೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಸಾಲಪತ್ರ, ಗಿರಣಿಯ ಚೀಟಿ, ಅಂಚೆಯ ಮುದ್ರೆಯುಳ್ಳ ಲಕೋಟೆ ಏನಾದರೂ ಇದ್ದರೆ ಗೆದ್ದಲು ಹಿಡಿಯುವ ಮುನ್ನ ತೆಗೆದು ನೋಡಿರಿ. ಅಜ್ಜಿ ಇನ್ನೂ ಇದ್ದರೆ ಮೊದಲು ಅವರ ಬಳಿ ಕುಳಿತುಕೊಳ್ಳಿರಿ.