ಮೊದಲ ದಿನವೇ ಗಂಡನ ಹೆಸರಿಗೂ ಚೀಟಿ ಬರೆಯಿರಿ

ಮದುವೆಯಾಗಿ ಮೂರು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲವೆಂದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಆಸ್ಪತ್ರೆಗೆ ಹೊರಡುವವಳು ಸೊಸೆ. ಸ್ಕ್ಯಾನಿಂಗ್, ಥೈರಾಯ್ಡ್, ಗರ್ಭನಾಳದ ಟ್ಯೂಬ್ ಟೆಸ್ಟ್ ಎಲ್ಲವೂ ಅವಳಿಗೇ. ಹುಲಿಗೆಮ್ಮನಿಗೆ ಹರಕೆ ಹೊರುವವಳೂ ಅವಳೇ. ಗಂಡ ಗೋವಾದಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿರುತ್ತಾನೆ. ಊರಲ್ಲಿದ್ದರೆ ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಾನೆ. ಒಂದು ರಿಪೋರ್ಟೂ ಕೈಗೆ ಬರುವ ಮೊದಲೇ ‘ದೋಷ ಅಕೀದs ಐತಿ’ ಎಂದು ಮನೆ ತೀರ್ಪು ಕೊಟ್ಟಿರುತ್ತದೆ. ಅದರ ಬೆನ್ನಿಗೇ ಎರಡನೇ ಮದುವೆಯ ಮಾತು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆಂಬುದು ವೈದ್ಯರಿಗೆ ಹಳೆಯ ಸಂಗತಿ. ನಮ್ಮ ಪಡಸಾಲೆಗಳಿಗೆ ಅದಿನ್ನೂ ಮುಟ್ಟಿಲ್ಲ.

ಈ ನಡುವೆ ದೊಡ್ಡ ಊರುಗಳ ಐವಿಎಫ್ ಕೇಂದ್ರಗಳಲ್ಲಿ ವೀರ್ಯಾಣುವಿನ ಡಿಎನ್‌ಎ ಎಷ್ಟು ತುಂಡಾಗಿದೆ ಎಂದು ಅಳೆಯುವ ಪರೀಕ್ಷೆ ನಡೆಯುತ್ತಿದೆ. ಬಂದ ಎಲ್ಲ ಗಂಡಸರಿಗೂ ಮಾಡಬೇಕೆಂದು ಕೆಲವರು, ದುಡ್ಡು ದಂಡವೆಂದು ಕೆಲವರು, ವೈದ್ಯರಲ್ಲೇ ಜಗಳವಿದೆ. ನಾನು ಈ ಪರೀಕ್ಷೆಯ ವಿರೋಧಿಯಲ್ಲ. ಅದರ ಸರದಿ ಯಾವುದು, ಅದಕ್ಕಿಂತ ಮೊದಲು ಏನಾಗಬೇಕು ಎಂಬುದೇ ನನ್ನ ತಕರಾರು.

ಮಾಮೂಲಿ ವೀರ್ಯ ಪರೀಕ್ಷೆ ಮುಖ್ಯವಾಗಿ ಮೂರು ಮಾತು ಹೇಳುತ್ತದೆ: ವೀರ್ಯಾಣು ಎಷ್ಟಿವೆ, ಎಷ್ಟು ಚಲಿಸುತ್ತವೆ, ಆಕಾರ ಹೇಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಮಿಲಿಲೀಟರಿಗೆ 1.6 ಕೋಟಿ, ಅವುಗಳಲ್ಲಿ ನೂರಕ್ಕೆ 42 ಚಲನೆ ಎಂಬುದು ಕೆಳಗಿನ ಗೆರೆ. ಗೆರೆ ದಾಟಿ ಚೆನ್ನಾಗಿ ಈಜುವ ವೀರ್ಯಾಣುವಿನ ಒಳಗೂ ಡಿಎನ್‌ಎ ಎಳೆ ಹರಿದಿರಬಹುದು. ಅಂಡಾಣು ಒಂದಿಷ್ಟು ಹರುಕನ್ನು ತಾನೇ ಹೊಲಿದುಕೊಳ್ಳುತ್ತದೆ. ಹರುಕು ಹೆಚ್ಚಾದರೆ, ಹೆಣ್ಣಿನ ವಯಸ್ಸೂ ಏರಿದ್ದರೆ, ಆ ಹೊಲಿಗೆ ಸಾಲುವುದಿಲ್ಲ. ಬಸಿರು ನಿಂತು ಎರಡು ಮೂರು ತಿಂಗಳಿಗೇ ಇಳಿದುಹೋಗಲು ಇದೂ ಒಂದು ಕಾರಣವಾಗಬಹುದು. ಅಂದರೆ ‘ಅಕೀಗೆ ಗರ್ಭ ನಿಲ್ಲಂಗಿಲ್ಲ’ ಎಂದು ಹತ್ತು ವರ್ಷ ಅನ್ನಿಸಿಕೊಂಡವಳ ಗರ್ಭಕೋಶದಲ್ಲಿ ಯಾವ ಕುಂದೂ ಇಲ್ಲದಿರಬಹುದು. ಈ ಒಂದು ಕಾರಣಕ್ಕೇ ಈ ಪರೀಕ್ಷೆ ನಮಗೆ ಬೇಕು.

ಆದರೆ ಯಾರಿಗೆ? ಆ ಕೈಪಿಡಿಯೇ ಇದನ್ನು ಮೊದಲ ಸಾಲಿನಲ್ಲಿ ಇಟ್ಟಿಲ್ಲ, ವಿಸ್ತೃತ ಪರೀಕ್ಷೆಗಳಿಗೆ ಸೇರಿಸಿದೆ. ಅಮೆರಿಕದ ಮೂತ್ರರೋಗ ಮತ್ತು ಸಂತಾನ ವೈದ್ಯಕೀಯ ಸಂಘಗಳ 2020ರ ಮಾರ್ಗಸೂಚಿ ಮೊದಲ ತಪಾಸಣೆಗೆ ಬೇಡ, ಮೇಲಿಂದ ಮೇಲೆ ಗರ್ಭ ಇಳಿಯುವ ದಂಪತಿಗೆ ಬೇಕು ಎನ್ನುತ್ತದೆ. ಯುರೋಪಿನ ಮೂತ್ರರೋಗ ಸಂಘ ಕಾರಣವೇ ಸಿಗದ ದಂಪತಿಯನ್ನೂ ಸೇರಿಸಿದೆ. ನನಗೆ ಇದು ಸರಿಯೆನಿಸುತ್ತದೆ. ಎಲ್ಲರಿಗೂ ಮಾಡಿಸಿದರೆ ನಷ್ಟವೇನು ಎನ್ನುವವರು, ಭತ್ತದ ಕೂಲಿಗೆ ಹೋಗುವವನ ಕೈಗೆ ‘ನೂರಕ್ಕೆ 32 ತುಂಡು’ ಎಂಬ ಕಾಗದ ಕೊಟ್ಟಾಗ ಏನಾಗುತ್ತದೆಂದು ಯೋಚಿಸಲಿ. ಹೆದರಿದವನು ಹೊಲ ಒತ್ತೆಯಿಟ್ಟು ನೇರ ಐವಿಎಫ್‌ಗೆ ಹೋಗುತ್ತಾನೆ. ಆದರೆ ಅದಕ್ಕೂ ಮೊದಲು ಬೇರೆ ದಾರಿಗಳಿವೆ: ವೃಷಣದ ರಕ್ತನಾಳ ಊದಿದ್ದರೆ ಅದಕ್ಕೆ ಸಣ್ಣ ಶಸ್ತ್ರಚಿಕಿತ್ಸೆಯಿದೆ, ಸೋಂಕಿದ್ದರೆ ಔಷಧಿಯಿದೆ, ಗುಟ್ಕಾ ಬೀಡಿ ಬಿಡಬಹುದು, ಸಕ್ಕರೆ ಕಾಯಿಲೆ ಹಿಡಿತಕ್ಕೆ ತರಬಹುದು. ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳು ಬೇಕು. ಹಾಗಾಗಿ ಮೂರು ತಿಂಗಳು ತಡೆದು ಮತ್ತೆ ನೋಡಿದರೆ ಅಂಕಿ ಬದಲಾಗಿರಬಹುದು. ಈ ಮಾತನ್ನು ಕೂರಿಸಿಕೊಂಡು ಹೇಳದ ವೈದ್ಯರು ಆ ಪರೀಕ್ಷೆ ಬರೆಯಲೇಬಾರದು.

ಈ ಪರೀಕ್ಷೆಯ ಮಾತು ಬಂದಾಗ ಕೇಳಿಬರುವ ವೀರ್ಯಾಣುವಿನ ‘ಗುಣಮಟ್ಟ’ ಎಂಬ ಪದದ ಬಗ್ಗೆಯೂ ನನಗೆ ಕಳವಳವಿದೆ. ಈ ಪರೀಕ್ಷೆ ವಂಶದ ಹಿರಿಮೆ ಹೇಳುವುದಿಲ್ಲ, ಹುಟ್ಟುವ ಮಗು ಗಂಡೋ ಹೆಣ್ಣೋ ಹೇಳುವುದಿಲ್ಲ, ಗಂಡಸ್ತನವನ್ನೂ ಅಳೆಯುವುದಿಲ್ಲ. ಅಳೆಯಲು ಬಳಸಿದ ವೀರ್ಯಾಣು ಅಲ್ಲೇ ನಾಶವಾಗುವುದರಿಂದ ‘ಒಳ್ಳೆಯದನ್ನು ಆರಿಸಿ’ ಕೊಡುವ ಮಾತೂ ಇಲ್ಲ.

ಇನ್ನೊಂದು ಸಂಗತಿಯನ್ನು ಕೊಪ್ಪಳದವರು ಕೇಳಲೇಬೇಕು. 1977ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾತ್ರಪ್ ಎಂಬಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಮಿಕರು, ತಮಗ್ಯಾರಿಗೂ ಮಕ್ಕಳಾಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ವೀರ್ಯ ಪರೀಕ್ಷೆ ಮಾಡಿದಾಗ ಹಲವರಲ್ಲಿ ವೀರ್ಯಾಣುವೇ ಇರಲಿಲ್ಲ. ನಮ್ಮ ಕನ್ನಡದ ಕಾಸರಗೋಡಿನ ಪಡ್ರೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಗಾಳಿಗೆ ಬೆಳೆದ ಹುಡುಗರ ಲೈಂಗಿಕ ಬೆಳವಣಿಗೆ ತಡವಾಗಿದೆಯೆಂದು ಅಹಮದಾಬಾದಿನ ಒಂದು ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಅಧ್ಯಯನ 2003ರಲ್ಲಿ ಹೇಳಿತು. ಗಂಗಾವತಿಯ ಭತ್ತದ ಗದ್ದೆಗೆ ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಎಣ್ಣೆ ಹೊಡೆಯುವವನು, ಗಿಣಿಗೇರಿ ಸುತ್ತಿನ ಕುಲುಮೆಯ ಬಿಸಿಗೆ ನಿಲ್ಲುವವನು ಇಬ್ಬರೂ ಮದುವೆಯಾದ ಹುಡುಗರೇ. ವೃಷಣ ಮೈಗಿಂತ ಎರಡು ಮೂರು ಡಿಗ್ರಿ ತಣ್ಣಗಿರಬೇಕು. ಬಿಸಿ ವೀರ್ಯಾಣುವಿಗೆ ಶತ್ರು. 2025ರ ಫೆಬ್ರುವರಿಯಲ್ಲಿ ಗವಿಮಠದ ಸ್ವಾಮೀಜಿಯವರೊಡನೆ ಇಡೀ ಕೊಪ್ಪಳ ಕಾರ್ಖಾನೆ ವಿಸ್ತರಣೆ ವಿರುದ್ಧ ಬೀದಿಗಿಳಿದಾಗ ಬೂದಿಯ ಬಗ್ಗೆ, ಉಸಿರಿನ ಬಗ್ಗೆ ಮಾತಾಡಿದೆವು. ಈ ಗಂಡಸರ ಆರೋಗ್ಯವನ್ನೂ ಆ ಪಟ್ಟಿಗೆ ಸೇರಿಸಬೇಕು. ಡಿಎನ್‌ಎ ಪರೀಕ್ಷೆಗೆ ಸರ್ಕಾರ ಹಣ ಹಾಕುವುದಾದರೆ, ಕೆಲಸದ ಜಾಗದ ಇಂಥ ಅಧ್ಯಯನಕ್ಕೆ ಹಾಕಲಿ. 2015ರಲ್ಲಿ ಶುರುವಾದ ಕೊಪ್ಪಳದ ವೈದ್ಯಕೀಯ ಕಾಲೇಜು ಕಿಮ್ಸ್ ಅದನ್ನು ಕೈಗೆತ್ತಿಕೊಳ್ಳಲಿ.

ಆಯುಷ್ಮಾನ್ ಭಾರತ್ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಪಕ್ಕದ ಗೋವಾ 2023ರಲ್ಲೇ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಐವಿಎಫ್ ಉಚಿತ ಮಾಡಿತು. ನಾನು ಕೇಳುತ್ತಿರುವುದು ಅಷ್ಟು ದೊಡ್ಡದನ್ನಲ್ಲ. ಹೆಂಡತಿಗೆ ಚೀಟಿ ಬರೆದ ದಿನವೇ ಗಂಡನಿಗೂ ಬರೆಯಲಿ. ಅವನ ವೀರ್ಯದ ರಿಪೋರ್ಟ್ ಬರುವವರೆಗೆ ಅವಳಿಗೆ ಟ್ಯೂಬ್ ಟೆಸ್ಟ್ ನೋವು ಬೇಡ. ವೀರ್ಯವನ್ನು ಒಂದು ಗಂಟೆಯೊಳಗೆ ಪರೀಕ್ಷಿಸಬೇಕು, ಹನುಮಸಾಗರದಿಂದ ಬಸ್ಸಿನಲ್ಲಿ ಕೊಪ್ಪಳಕ್ಕೆ ತರುವ ಹೊತ್ತಿಗೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲೇ ತರಬೇತಿ ಪಡೆದ ಒಬ್ಬ ಲ್ಯಾಬ್ ಟೆಕ್ನೀಷಿಯನ್, ಒಂದು ಒಳ್ಳೆಯ ಸೂಕ್ಷ್ಮದರ್ಶಕ, ಮತ್ತು ಶೌಚಾಲಯವಲ್ಲದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಚೊಕ್ಕಟ ಕೋಣೆ ಬೇಕು.