ಗಂಟಲೊಳಗಿನ ಗವಿಗಳು

ಯಲಬುರ್ಗಾ ಕಡೆಯ ಆರನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ: "ನನಗ ಮ್ಯಾಲಿಂದ ಮ್ಯಾಲೆ ಗಂಟಲ ಬಾವು ಬರ್ತದ. ಡಾಕ್ಟರು ಟಾನ್ಸಿಲ್ ಕೆಟ್ಟಾವ ಅಂದ್ರು. ದೇವರು ಕೊಟ್ಟದ್ದು ಯಾಕ ಕೊಯ್ಸಬೇಕು ಅಂತಾಳ ಅಜ್ಜಿ. ಕೆಟ್ಟಾವ ಅಂದ್ರ ಒಳಗ ಏನಾಗಿರ್ತದ?"

ಕನ್ನಡಿ ಮುಂದೆ ನಿಂತು 'ಆ' ಅನ್ನು, ಮರಿ. ಕಿರುನಾಲಿಗೆಯ ಎಡಬಲಕ್ಕೆ ಬಾದಾಮಿ ಬೀಜದಂಥ ಎರಡು ಗಡ್ಡೆ ಕಾಣುತ್ತವಲ್ಲ, ಅವೇ ಟಾನ್ಸಿಲ್. ಅವುಗಳ ಮೈ ನುಣುಪಲ್ಲ. ಕೊಪ್ಪಳದ ಗವಿಮಠದ ಗುಡ್ಡ ನೋಡಿದ್ದೀಯಲ್ಲ? ಹಾಗೆ ಒಂದೊಂದು ಟಾನ್ಸಿಲ್‌ನಲ್ಲೂ ಹತ್ತಿಪ್ಪತ್ತು ಪುಟ್ಟ ಗವಿಗಳಿವೆ. ಗವಿಯ ಗೋಡೆ ತೆಳುವು, ಬಲೆಯಂತೆ ಸಡಿಲ. ಬಾಯಿಗೆ ಬಂದ ರೋಗಾಣು ಅಲ್ಲಿಗಿಳಿದರೆ ಹಿಂದೆ ಕಾದು ಕುಳಿತ ಬಿಳಿ ರಕ್ತಕಣಗಳು ಅದರ ಗುರುತು ಹಿಡಿಯುತ್ತವೆ. ಊರಬಾಗಿಲ ಕಾವಲುಗಾರರಿದ್ದಂತೆ.

ಬಾವು ಪದೇ ಪದೇ ಬಂದರೆ ಕಾವಲು ಮನೆಯೇ ಹದಗೆಡುತ್ತದೆ. ಬಿಳಿಕಣಗಳ ಗುಂಪುಗಳು ಹಿಗ್ಗುತ್ತವೆ, ಗಡ್ಡೆ ದಪ್ಪವಾಗುತ್ತದೆ. ಗವಿಯ ಗೋಡೆ ಅಲ್ಲಲ್ಲಿ ಹರಿಯುತ್ತದೆ, ಅಲ್ಲಲ್ಲಿ ದಡ್ಡುಗಟ್ಟುತ್ತದೆ. ಸತ್ತ ಜೀವಕೋಶ, ಅನ್ನದ ಚೂರು, ರೋಗಾಣು ಎಲ್ಲ ಒಳಗೇ ಉಳಿದು, ಸುಣ್ಣದಂಶ ಸೇರಿ ಬಿಳಿ ಹರಳಾಗುತ್ತದೆ. ಬಾಯಿ ನಾರುವುದು ಇದರಿಂದಲೂ ಇರಬಹುದು. ಮೊಣಕಾಲು ತರಚಿ ಮಾಯ್ದ ಮೇಲೆ ಗಟ್ಟಿ ಕಲೆ ಉಳಿಯುತ್ತದಲ್ಲ, ಹಾಗೆ ಒಳಗೂ ನಾರು ಬೆಳೆಯುತ್ತದೆ. ಅದು ಹೆಚ್ಚಾದರೆ ಟಾನ್ಸಿಲ್ ಕುಗ್ಗಲೂಬಹುದು. ಆದ್ದರಿಂದ ಗಾತ್ರ ನೋಡಿ ಹೆದರಬೇಡಿ. ಚಿಕ್ಕ ಮಕ್ಕಳಲ್ಲಿ ಅವು ದೊಡ್ಡದಾಗಿರುವುದೇ ಸಹಜ, ಹರೆಯ ಬಂದಂತೆ ಸಣ್ಣವಾಗುತ್ತವೆ.

ಇನ್ನು ಅಜ್ಜಿಗೆ ಒಂದು ಮಾತು. ನೀವು ಹೇಳಿದ್ದು ಅರ್ಧ ಸರಿ, ಎಲ್ಲರದೂ ಕೊಯ್ಯಬೇಕಿಲ್ಲ. ವರ್ಷದಲ್ಲಿ 7 ಸಲ, ಇಲ್ಲವೇ 2 ವರ್ಷ ಸತತವಾಗಿ 5 ಸಲ, ಇಲ್ಲವೇ 3 ವರ್ಷ ಸತತವಾಗಿ 3 ಸಲ ಜೋರಾಗಿ ಬಂದಿದ್ದರೆ ಡಾಕ್ಟರು ಆ ಯೋಚನೆ ಮಾಡುತ್ತಾರೆ. ತೆಗೆದರೂ ದೇಹದಲ್ಲಿ ಬೇರೆ ಕಾವಲುಗಾರರಿದ್ದಾರೆ. ಆದರೆ ಬೆರಳಿಗೆ ಸುಣ್ಣ ಹಚ್ಚಿ ಗಂಟಲು ಒತ್ತಿಸುವುದು ಮಾತ್ರ ಬೇಡವೇ ಬೇಡ. ಜ್ವರ ಇಳಿಯಿತೆಂದು ಗುಳಿಗೆ ಅರ್ಧಕ್ಕೇ ನಿಲ್ಲಿಸಲೂಬೇಡಿ. ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಗಂಟಲ ಬೇನೆ ಸರಿಯಾಗಿ ವಾಸಿಯಾಗದಿದ್ದರೆ ಕೀಲು ನೋವು ತಂದು, ಹೃದಯದ ಕವಾಟವನ್ನೇ ಕೆಡಿಸಬಲ್ಲದು. ಕೊಪ್ಪಳದಲ್ಲೇ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ತೋರಿಸಲು ದೂರ ಹೋಗಬೇಕಿಲ್ಲ.

ಹುಡುಗೀ, ಗಂಟಲು ನೋವು ಬಂದ ದಿನವೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕು. ಡಾಕ್ಟರ ಹತ್ತಿರ ಹೋಗುವಾಗ ಕ್ಯಾಲೆಂಡರನ್ನೇ ತೆಗೆದುಕೊಂಡು ಹೋಗು.