ಗ್ಯಾಸ್ ಬಾವಿ ದೂರ, ಪೈಪ್‌ಲೈನ್ ಹತ್ತಿರ: ಮೇಲ್ಮಣ್ಣು ಯಾರ ಜವಾಬ್ದಾರಿ?

ಬೇಡಕಿಹಾಳ: ತೈಲ ಮತ್ತು ಗ್ಯಾಸ್ ಹುಡುಕಾಟಕ್ಕೆ ದಾರಿ ಸಲೀಸು ಮಾಡುವ ತಿದ್ದುಪಡಿಗೆ 2025ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. 1948ರ ಹಳೆ ಕಾಯ್ದೆಗೆ ಬಂದ ಬದಲಾವಣೆ ಇದು. ದೂಧಗಂಗಾ ದಂಡೆಯ ಕಬ್ಬಿನ ಹೊಲಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಬಾವಿ ಕೊರೆಯೋ ವಿಚಾರದಾಗ ಸದ್ಯಕ್ಕೆ ಇಲ್ಲ. ಆದರೆ ತೆಗೆದ ಗ್ಯಾಸ್ ಸಾಗಬೇಕಲ್ಲ, ಅದರ ದಾರಿ ಹೊಲದೊಳಗಿಂದಲೇ. ದಾಭೋಳ–ಬೆಂಗಳೂರು ಗೇಲ್ ಪೈಪ್‌ಲೈನ್ 2013ರಲ್ಲಿ ಚಾಲೂ ಆಗಿದ್ದು ಬೆಳಗಾವಿ ಜಿಲ್ಲೆಯನ್ನು ದಾಟಿಕೊಂಡೇ.

ಬಾವಿ ಕೊರೆಯುವ ಕಡೆ ನೆಲ ಉಳಿಸೋ ತಂತ್ರ ಬಂದಿದೆ. ಒಂದೇ ಕಟ್ಟೆಯಿಂದ ಹಲವು ಬಾವಿ ಓರೆಯಾಗಿ ಕೊರೆಯುತ್ತಾರೆ. ಅಸ್ಸಾಂನ ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಅಡಿಯ ಗ್ಯಾಸನ್ನು ಹೊರಗಿನ ಜಾಗದಿಂದಲೇ ತೆಗೆಯುವ ಯೋಜನೆಗೆ 2020ರ ಮೇನಲ್ಲಿ ಅನುಮತಿ ಸಿಕ್ಕಿತ್ತು. ಅದೇ ತಿಂಗಳು ಪಕ್ಕದ ಬಾಘಜಾನ್ ಬಾವಿ ಸಿಡಿಯಿತು, ಬೆಂಕಿ ಆರಿದ್ದು ನವೆಂಬರ್‌ನಲ್ಲಿ. ಕಡಿಮೆ ನೆಲ ಬಳಸಿದ ಮಾತ್ರಕ್ಕೆ ಅಪಾಯ ಕಡಿಮೆ ಆಗಲ್ಲ.

ಪೈಪ್‌ಲೈನಿಗೂ ಇದೇ ತಂತ್ರ ಇದೆ. ನದಿ, ಹೆದ್ದಾರಿ ಬಂದಲ್ಲಿ ಅಗೆಯದೆ ಕೆಳಗಿಂದ ಕೊರೆದು ಪೈಪ್ ದಾಟಿಸುತ್ತಾರೆ. ಹೊಲ ಬಂದರೆ ಮಾತ್ರ ಜೆಸಿಬಿ! ನದಿಯಿಂದ ಹೊಲಕ್ಕೆ ನೀರಿನ ಪೈಪ್‌ಲೈನ್ ಹಾಕಿಸಿದವರಿಗೆ ಹೇಳೋದು ಬೇಕಿಲ್ಲ. ಕೆಳಗಿನ ಗರಸು ಮೇಲೆ ಬಂದರೆ ಆ ಪಟ್ಟೆಯಲ್ಲಿ ಪೀಕು ಸಪ್ಪಗಾಗುತ್ತದೆ. ಹಸಿ ಎರಿ ಮಣ್ಣಿನ ಮೇಲೆ ಭಾರಿ ಯಂತ್ರ ಓಡಾಡಿದರೆ ನೆಲ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಉಪಾಯ ದೊಡ್ಡದೇನಲ್ಲ: ಮೇಲ್ಮಣ್ಣು ಬ್ಯಾರೆ ರಾಶಿ, ಕೆಳಮಣ್ಣು ಬ್ಯಾರೆ ರಾಶಿ, ಮುಚ್ಚುವಾಗ ಅದೇ ಕ್ರಮ, ಕೆಲಸ ಮಳೆಗಾಲ ಬಿಟ್ಟು.

ಕಾನೂನು 1962ರದು. ಇದರಲ್ಲಿ ಭೂಮಿ ರೈತನ ಹೆಸರಿನಲ್ಲೇ ಉಳಿಯುತ್ತದೆ, ಕಂಪನಿಗೆ ಸಿಗೋದು ಬಳಕೆಯ ಹಕ್ಕು. ಬೆಳೆ ಬೆಳೆಯಬಹುದು. ಆದರೆ ಆ ಪಟ್ಟೆಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಗಿಡ ಹಚ್ಚುವಂತಿಲ್ಲ. ಹಕ್ಕಿನ ಪರಿಹಾರ ಮಾರುಕಟ್ಟೆ ಬೆಲೆಯ ಶೇ 10 ಮಾತ್ರ. ಬೆಳೆ, ಗಿಡಗಳ ಹಾನಿಗೆ ಪ್ರತ್ಯೇಕ. ಎಕರೆ ಬೆಲೆ ಏರಿರುವ ನದಿ ದಂಡೆಯಲ್ಲಿ ಈ ಶೇ 10 ಅನ್ಯಾಯದ ಲೆಕ್ಕವೇ ಸರಿ.

ಅಧಿಸೂಚನೆ ಹೊರಬಿದ್ದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಕೊಡಬಹುದು. ಪರಿಹಾರ ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಮೇಲ್ಮಣ್ಣಿನ ಷರತ್ತನ್ನು ಆ ಆಕ್ಷೇಪಣೆಯಲ್ಲೇ ಬರೆಸಬೇಕು, ಅಗೆಯೋ ಮೊದಲೇ ಹೊಲದ ಫೋಟೋ ತೆಗೆದಿಟ್ಟುಕೊಳ್ಳಬೇಕು. ಜೆಸಿಬಿ ಬದುವಿಗೆ ಬಂದ ಮೇಲೆ ವಾದ ಮಾಡಿದರೆ ಕೇಳೋರು ಕಡಿಮೆ.